ಸೌದೆ ಒಲೆಯ ಹೊಗೆಕೊಳವೆ ಸೂರು ದಾಟುವಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯ ಮೊದಲ ಮಹಡಿಯಲ್ಲಿ ಮಂಗಳೂರು ಹೆಂಚು ಹೊದಿಸಿದ ಒಂದು ಕೋಣೆಯಿದೆ. ಹೆಂಚಿನ ಕೆಳಗೆ ಹಲಸಿನ ಹಲಗೆಯ ಮುಚ್ಚಿಗೆ ಮಾಡಿಸಿದ್ದೇವೆ. ನಡುವೆ ಸಣ್ಣ ಅಟ್ಟವಿದೆ. ಆ ಕೋಣೆಯಲ್ಲಿ ಕಬ್ಬಿಣದ ಸೌದೆ ಒಲೆಯೊಂದನ್ನು ಇಡಬೇಕೆಂದಿದ್ದೇವೆ. ಹಲಗೆಯಲ್ಲಿ ಸರಿಯಳತೆಯ ತೂತು ಕೊರೆದು, ಆರಿಂಚಿನ ಜಿ.ಐ. ಪೈಪನ್ನು ನೇರವಾಗಿ ಮೇಲಕ್ಕೆ ಒಯ್ದು, ಹೆಂಚಿನ ಸುತ್ತ ಸಿಮೆಂಟು ಮೆತ್ತಿದರೆ ಸಾಕೆಂದು ಮೇಸ್ತ್ರಿ ಹೇಳುತ್ತಾರೆ. ಇದು ಸರಿಯೆ?
— ಓದುಗರೊಬ್ಬರು, ವಿದ್ಯಾರಣ್ಯಪುರ

ಉತ್ತರ: ಕೊಳವೆ ನೇರವಾಗಿ ಮೇಲೇರಬೇಕೆಂಬಷ್ಟರ ಮಟ್ಟಿಗೆ ಮೇಸ್ತ್ರಿಯವರ ಮಾತನ್ನು ಒಪ್ಪಬಹುದು. ಅವರು ಸೂಚಿಸಿದ ಪೈಪು, ಹಲಗೆಗೆ ಬಿಗಿಯಾಗಿ ಕೂರುವ ತೂತು ಮತ್ತು ಸಿಮೆಂಟು, ಈ ಮೂರನ್ನೂ ದಯವಿಟ್ಟು ಒಪ್ಪಬೇಡಿ. ಸೂರು ದಾಟಿಸುವ ಕೆಲಸವೆಂದರೆ ಎಲ್ಲರ ಗಮನ ಕೊಳವೆಯ ಮೇಲೆಯೇ ಇರುತ್ತದೆ. ಆದರೆ ಮನೆಯನ್ನು ಬೆಂಕಿಯಿಂದ ಕಾಯುವುದು ಕೊಳವೆಯ ಸುತ್ತ ನಾವು ಬಿಡುವ ತೆರಪು.

ಒಲೆ ಚೆನ್ನಾಗಿ ಉರಿಯುವಾಗ ಒಂಟಿ ಪದರದ ಕೊಳವೆಯ ಮೈ ಇನ್ನೂರು ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುವುದುಂಟು. ಅದಕ್ಕೆ ತಾಗಿಕೊಂಡ ಹಲಗೆ ಮೊದಲ ದಿನವೇ ಹೊತ್ತಿಕೊಳ್ಳಲಾರದು. ಮೊದಲ ಚಳಿಗಾಲ ಸುಸೂತ್ರವಾಗಿ ಕಳೆದರೆ ಮೇಸ್ತ್ರಿ ಹೇಳಿದ್ದೇ ಸರಿಯೆಂದು ನಿಮಗೂ ಅನ್ನಿಸಬಹುದು. ಆದರೆ ದಿನವೂ ಬಿಸಿ ತಿಂದು ಒಳಗೊಳಗೇ ಕರಿಕಾಗುತ್ತ ಬಂದ ಮರ, ಹೊಸ ಮರಕ್ಕಿಂತ ಎಷ್ಟೋ ಕಡಿಮೆ ಬಿಸಿಗೆ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. ಅದೂ ಅಟ್ಟದ ಕಡೆಯಿಂದ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಆದ್ದರಿಂದಲೇ ಅಮೆರಿಕದ ಎನ್‌ಎಫ್‌ಪಿಎ 211 ಎಂಬ ಮಾನದಂಡವು ಒಂಟಿ ಪದರದ ಕೊಳವೆಗೂ ಹೊತ್ತಿಕೊಳ್ಳುವ ಯಾವುದೇ ವಸ್ತುವಿಗೂ ನಡುವೆ 18 ಇಂಚು ಅಂತರವನ್ನು ಬಯಸುತ್ತದೆ. ಅಂಥ ಕೊಳವೆಯನ್ನು ಮುಚ್ಚಿಗೆಯ ಮೂಲಕ ಮೇಲಕ್ಕೆ ಒಯ್ಯಲು ಒಪ್ಪುವುದೇ ಇಲ್ಲ.

ಒಲೆಯಿಂದ ಮುಚ್ಚಿಗೆಗೆ 18 ಇಂಚು ಉಳಿಯುವವರೆಗೆ ದಪ್ಪ ತಗಡಿನ ಕಪ್ಪು ಕೊಳವೆ ಇರಲಿ. ಅಲ್ಲಿಂದ ಮೇಲಕ್ಕೆ, ಒಳಗೊಂದು ಹೊರಗೊಂದು ಸ್ಟೇನ್‌ಲೆಸ್ ಸ್ಟೀಲಿನ ಕೊಳವೆಯಿದ್ದು ನಡುವೆ ಶಾಖನಿರೋಧಕ ತುಂಬಿದ ಜೋಡಿ ಪದರದ ಕೊಳವೆಯನ್ನು ಬಳಸಬೇಕು. ಇಂಥ ಕೊಳವೆಗಳಲ್ಲಿ ಪರೀಕ್ಷೆಗೆ ಒಳಪಟ್ಟು ಪ್ರಮಾಣಪತ್ರ ಪಡೆದವುಗಳಿಗೆ ಸಾಮಾನ್ಯವಾಗಿ ಎರಡಿಂಚು ತೆರಪು ಸಾಕಾಗುತ್ತದೆ. ಒಳಕೊಳವೆ ಆರಿಂಚು, ಸುತ್ತಲೂ ಒಂದಿಂಚು ಶಾಖನಿರೋಧಕ ಎಂದರೆ ಹೊರಮೈ ಎಂಟಿಂಚು; ಅದರ ಎರಡೂ ಬದಿಗೆ ಎರಡೆರಡಿಂಚು ಸೇರಿಸಿದರೆ ಹಲಗೆಯಲ್ಲಿ ತೆಗೆಯಬೇಕಾದ ಕಂಡಿ ಹನ್ನೆರಡು ಇಂಚಿನ ಚೌಕವಾಗುತ್ತದೆ. ಆರಿಂಚಿನ ಕೊಳವೆಗೆ ಒಂದಡಿಯ ಕಂಡಿಯೇಕೆಂದು ಬಡಗಿ ಹುಬ್ಬೇರಿಸಿದರೆ ಈ ಲೆಕ್ಕವನ್ನು ತೋರಿಸಿ. ಪೀಣ್ಯದ ಯಾವುದಾದರೂ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಇಂಥದೇ ಕೊಳವೆಯನ್ನು ಮಾಡಿಸಿಕೊಳ್ಳಬಹುದು, ಖರ್ಚೂ ಕಡಿಮೆಯಾದೀತು. ಆದರೆ ಪರೀಕ್ಷೆ ಕಾಣದ ಕೊಳವೆಗೆ ಎರಡಿಂಚಿನ ಲೆಕ್ಕ ಅನ್ವಯಿಸುವುದಿಲ್ಲ. ಅದರ ಸುತ್ತ ಇನ್ನೂ ಹೆಚ್ಚು ಜಾಗ ಬಿಡಿ, ಮತ್ತು ಮೊದಲ ಬಾರಿ ಪೂರ್ತಿ ಉರಿ ಹಾಕಿ ಒಂದೆರಡು ಗಂಟೆಯಾದ ಮೇಲೆ ಅಟ್ಟಕ್ಕೆ ಹತ್ತಿ ಹಲಗೆಯ ಅಂಚನ್ನು ಮುಟ್ಟಿ ನೋಡಿ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ತೆರಪು ಸಾಲದೆಂದೇ ಅರ್ಥ.

ಆ ತೆರಪನ್ನು ಗಾಜಿನ ಉಣ್ಣೆ, ಥರ್ಮಾಕೋಲ್ ಅಥವಾ ಬೇರೆ ಯಾವುದರಿಂದಲೂ ತುಂಬಬಾರದು. ಬಿಸಿ ತಡೆಯಲೆಂದು ಉಣ್ಣೆ ತುಂಬುವುದು ಜಾಣತನದಂತೆ ಕಂಡರೂ, ಗಾಳಿಯಾಡಿ ಹೊರಹೋಗಬೇಕಾದ ಬಿಸಿ ಆಗ ಅಲ್ಲಿಯೇ ಸಿಕ್ಕಿಕೊಂಡು ಮರಕ್ಕೆ ತಲುಪುತ್ತದೆ. ಕೆಳಗಿನಿಂದ ಕಂಡಿಯನ್ನು ಲೋಹದ ಫಲಕದಿಂದ ಮುಚ್ಚಿ, ಅಟ್ಟದಲ್ಲಿ ಕೊಳವೆಯ ಸುತ್ತ ಅಷ್ಟೇ ಅಂತರ ಬಿಟ್ಟು ತಗಡಿನ ಬೇಲಿಯೊಂದನ್ನು ನಿಲ್ಲಿಸಿ. ಈ ಬೇಲಿ ಮುಖ್ಯವಾಗಿ ಅಳಿಲುಗಳಿಗಾಗಿ! ಬೆಂಗಳೂರಿನ ಹೆಂಚಿನ ಅಟ್ಟಗಳಲ್ಲಿ ಅವು ನಾರು, ಹತ್ತಿ, ಪ್ಲಾಸ್ಟಿಕ್ ಚೂರುಗಳನ್ನು ತಂದು ಗೂಡು ಕಟ್ಟುತ್ತವೆ, ಅದರಲ್ಲೂ ಬೆಚ್ಚಗಿನ ಮೂಲೆಗಳಲ್ಲಿ.

ಕೆಲಸವನ್ನು ಒಲೆಯಿಂದ ಆರಂಭಿಸಿ ಮೇಲಕ್ಕೆ ಹೋಗದೆ, ಛಾವಣಿಯಿಂದ ಆರಂಭಿಸಿ ಕೆಳಕ್ಕೆ ಬನ್ನಿ. ಎರಡು ಪಕಾಸುಗಳ ನಡುವೆ ಒಂದಡಿಗೂ ಹೆಚ್ಚು ಬಿಡುವಿರುವ ಜಾಗವನ್ನು ಹುಡುಕಿ, ಅಲ್ಲಿಂದ ತೂಗುಗುಂಡು ಇಳಿಬಿಟ್ಟು, ಮುಚ್ಚಿಗೆಯ ಜಂತೆಗೆ ತಾಗದಂತೆ ಅದು ನೆಲ ಮುಟ್ಟುವ ಜಾಗದಲ್ಲಿ ಒಲೆಯನ್ನು ಇಡಿ. ಒಲೆಯನ್ನು ನಾಲ್ಕಿಂಚು ಸರಿಸುವುದು ಸುಲಭ. ಕತ್ತರಿಸಿದ ಪಕಾಸನ್ನು ಮತ್ತೆ ಕೂಡಿಸುವುದು ಕಷ್ಟ.

ಹೆಂಚಿನ ಸುತ್ತ ಸಿಮೆಂಟು ಮೆತ್ತಿದರೆ ಅದು ಒಂದು ಮಳೆಗಾಲವನ್ನೂ ಪೂರೈಸಲಾರದು. ಕೊಳವೆ ಬಿಸಿಗೆ ಹಿಗ್ಗಿ ತಣಿದಾಗ ಕುಗ್ಗುತ್ತದೆ, ಸಿಮೆಂಟು ಹಾಗೆ ಹಿಗ್ಗದೆ ಬಿರುಕು ಬಿಡುತ್ತದೆ. ಮೂರು ಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಇನ್ನೂರು ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಇದಕ್ಕೆ ಬೇಕಾದದ್ದು ಕೊಳವೆಯ ಸುತ್ತ ಹೆಂಚಿನ ಮೇಲೆ ಹಾಸುವ ಅಗಲವಾದ ತಗಡು. ಅಂಗಡಿಯಲ್ಲಿ ಫ್ಲ್ಯಾಶಿಂಗ್ ಎಂದು ಕೇಳಿ. ಅದರ ಮೇಲಂಚು ಮೇಲಿನ ಸಾಲಿನ ಹೆಂಚಿನ ಅಡಿಗೆ ಸೇರಬೇಕು, ಕೆಳಂಚು ಕೆಳಗಿನ ಸಾಲಿನ ಹೆಂಚಿನ ಮೇಲೆ ಚಾಚಿರಬೇಕು. ಅಂದರೆ ಇಳಿಯುವ ನೀರಿಗೆ ಎಲ್ಲಿಯೂ ಎದುರಂಚು ಸಿಗಬಾರದು. ತಗಡನ್ನು ಕೊಳವೆಗೆ ಬೆಸೆಯುವುದಾಗಲಿ ಸ್ಕ್ರೂ ಹಾಕುವುದಾಗಲಿ ಬೇಡ. ತಗಡಿನ ಕೊರಳಿನೊಳಗೆ ಕೊಳವೆ ಸಲೀಸಾಗಿ ಜಾರುವಂತಿದ್ದು, ಆ ಸಂದಿನ ಮೇಲೆ ಕೊಡೆಯಂತೆ ಚಾಚುವ ಪಟ್ಟಿಯೊಂದನ್ನು ಕೊಳವೆಗೆ ಬಿಗಿದು, ಹೆಚ್ಚು ಬಿಸಿ ತಾಳುವ ಸಿಲಿಕೋನ್ ಎಳೆಯಬೇಕು.

ಎತ್ತರದ ವಿಷಯದಲ್ಲಿ ಪ್ರಚಲಿತವಿರುವ ನಿಯಮ ಹೀಗಿದೆ: ಕೊಳವೆ ಛಾವಣಿಯನ್ನು ದಾಟುವ ಜಾಗದಿಂದ ಕನಿಷ್ಠ ಮೂರಡಿ ಮೇಲಿರಬೇಕು, ಹಾಗೂ ಅಡ್ಡಡ್ಡ ಹತ್ತಡಿಯೊಳಗಿರುವ ಛಾವಣಿಯ ಯಾವುದೇ ಭಾಗಕ್ಕಿಂತ ಎರಡಡಿ ಎತ್ತರವಿರಬೇಕು. ಇಳಿಜಾರು 30 ಡಿಗ್ರಿ ಇದ್ದು, ಛಾವಣಿಯ ನೆತ್ತಿಯಿಂದ ನಾಲ್ಕಡಿ ದೂರದಲ್ಲಿ ಕೊಳವೆ ಹೊರಬಂದರೆ, ನೆತ್ತಿ ಅಲ್ಲಿಂದ ಸುಮಾರು 2.3 ಅಡಿ ಮೇಲಿರುತ್ತದೆ. ಅದಕ್ಕೆ ಎರಡು ಸೇರಿಸಿದರೆ ನಾಲ್ಕೂವರೆ ಅಡಿ ಕೊಳವೆ ಬೇಕಾಯಿತು. ಐದಡಿ ಮೀರಿದರೆ ಗಾಳಿಗೆ ಅಲುಗದಂತೆ ಸರಳಿನ ಆಧಾರ ಕೊಡಿಸಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಹೊಗೆಯನ್ನು ಮೇಲಕ್ಕೆ ಸೆಳೆಯುವ ಎಳೆತವೂ ಅಷ್ಟು ಕುಗ್ಗುವುದರಿಂದ ತಯಾರಕರು ಹೇಳಿದ ಎತ್ತರಕ್ಕೆ ಒಂದೆರಡು ಅಡಿ ಸೇರಿಸುವುದು ಒಳ್ಳೆಯದು.

ಇನ್ನು ಜಿ.ಐ. ಪೈಪಿನ ಮಾತು. ಅದರ ಸತುವಿನ ಲೇಪ ಸುಮಾರು 200 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಸದಾ ಕಾದರೆ ಸಿಪ್ಪೆಯೇಳುತ್ತದೆ, 420 ಡಿಗ್ರಿಯ ಆಸುಪಾಸಿನಲ್ಲಿ ಸತು ಕರಗಿಯೇ ಹೋಗುತ್ತದೆ. ಕೊಳವೆಯಲ್ಲಿ ಕಟ್ಟಿದ ಮಸಿಗೆ ಬೆಂಕಿ ಹತ್ತಿದರೆ ಒಳಗಿನ ಬಿಸಿ ಸಾವಿರ ಡಿಗ್ರಿಯನ್ನು ಮುಟ್ಟಬಲ್ಲದು. ಅಂಥ ಹೊತ್ತಿನಲ್ಲಿ ತೆಳು ಜಿ.ಐ. ತಗಡನ್ನು ನಂಬಲಾಗದು. ಕೊಳವೆಯ ತುಂಡುಗಳನ್ನು ಜೋಡಿಸುವಾಗ ಕಿರಿದಾದ ತುದಿ ಕೆಳಮುಖವಾಗಿ ಕೆಳಗಿನ ತುಂಡಿನೊಳಗೆ ಇಳಿಯಬೇಕೆಂಬುದನ್ನು ನೀವೇ ನಿಂತು ನೋಡಿಕೊಳ್ಳಿ. ಹೊಗೆ ಮೇಲಕ್ಕೆ ಹೋಗುತ್ತದೆಂದು ಕೆಲಸಗಾರರು ಇದನ್ನು ತಿರುಗಿಸಿ ಹಾಕುತ್ತಾರೆ. ಆದರೆ ಹೊಗೆಯಲ್ಲಿರುವ ಆವಿ ತಣಿದು ಡಾಂಬರಿನಂಥ ರಸವಾಗಿ ಕೆಳಕ್ಕೆ ಹರಿಯುತ್ತದೆ. ತಿರುಗುಮುರುಗಾದ ಕೊಳವೆಯ ಪ್ರತಿ ಕೀಲಿನಿಂದಲೂ ಕಂದು ಗೆರೆಗಳು ಹೊರಮೈಗೆ ಇಳಿದಿರುವುದನ್ನು ಹಲವು ಮನೆಗಳಲ್ಲಿ ಕಾಣಬಹುದು. ಸರ್ವೆ, ಜಾಲಿ, ಹುಣಸೆ, ನೀಲಗಿರಿ ಯಾವ ಸೌದೆಯಾದರೂ ಸರಿ, ಒಡೆದು ಬಿಸಿಲು ಗಾಳಿಗೆ ಚೆನ್ನಾಗಿ ಒಣಗಿಸಿ ತೇವಾಂಶ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿದ ಮೇಲೆ ಉರಿಸಿದರೆ ಈ ರಸ ಬಹುಮಟ್ಟಿಗೆ ಕಟ್ಟುವುದಿಲ್ಲ.

ಪ್ರಶ್ನೆ: ಬಚ್ಚಲುಮನೆಯಲ್ಲಿ ಸ್ನಾನದ ನೀರಿಗೆ ಹಂಡೆ ಒಲೆ ಹಾಕಿಸಬೇಕೆಂದು ನಮ್ಮ ತಾಯಿಯವರ ಅಪೇಕ್ಷೆ. ಮೇಲೆ ಆರ್‌ಸಿಸಿ ತಾರಸಿಯಿದೆ. ತಾರಸಿ ಕೊರೆದರೆ ಕಟ್ಟಡಕ್ಕೆ ತೊಂದರೆಯಾಗುವುದೆ? ನೀರು ಸೋರದಂತೆ ಮಾಡುವುದು ಹೇಗೆ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಕಾಂಕ್ರೀಟು ಹೊತ್ತಿಕೊಳ್ಳುವುದಿಲ್ಲವಾದ್ದರಿಂದ ಮೇಲಿನ ಓದುಗರ ಭಯ ನಿಮಗಿಲ್ಲ, ನಿಮ್ಮ ಚಿಂತೆ ಕಾಂಕ್ರೀಟಿನ ಒಳಗಿರುವ ಕಂಬಿಗಳದು. ಮನೆಗಳ ತಾರಸಿಯಲ್ಲಿ ಕಂಬಿಗಳನ್ನು ಸಾಮಾನ್ಯವಾಗಿ ಆರಿಂಚಿನ ಆಸುಪಾಸಿನ ಅಂತರದಲ್ಲಿ ಕಟ್ಟಿರುತ್ತಾರೆ. ಅಂದಮೇಲೆ ಎಂಟು ಇಂಚಿನ ತೂತು ಎಲ್ಲಿಯೇ ಬೀಳಲಿ, ಎರಡೂ ದಿಕ್ಕಿನಲ್ಲಿ ಕನಿಷ್ಠ ಒಂದೊಂದು ಕಂಬಿಯನ್ನು ಕತ್ತರಿಸಿಯೇ ತೀರುತ್ತದೆ. ಇದು ಸರಿಪಡಿಸಲಾಗದ ಹಾನಿಯೇನಲ್ಲ, ಆದರೆ ಎಲ್ಲಿ ಕೊರೆಯಬೇಕೆಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಕಂಬಿ ಪತ್ತೆ ಮಾಡುವ ಉಪಕರಣ ಹಿಡಿದು ಗುರುತು ಹಾಕಿಕೊಡಬೇಕು. ತೊಲೆಯ ಪಕ್ಕ, ಕಂಬದ ಸುತ್ತ ಮತ್ತು ಗೋಡೆಯಿಂದ ಹೊರಗೆ ಚಾಚಿದ ಭಾಗದಲ್ಲಿ ಕೊರೆಯುವ ಮಾತೇ ಬೇಡ. ವಿದ್ಯುತ್ ತಂತಿಯ ಪಿವಿಸಿ ಪೈಪುಗಳು ತಾರಸಿಯ ಹೊಟ್ಟೆಯಲ್ಲಿಯೇ ಹಾದುಹೋಗಿರುತ್ತವೆ. ಅವುಗಳ ದಾರಿಯನ್ನೂ ಮೊದಲೇ ತಿಳಿದುಕೊಳ್ಳಿ. ಸುತ್ತಿಗೆ ಉಳಿ ಹಿಡಿದು ಒಡೆಯುವ ಬದಲು ಕೋರ್ ಕಟಿಂಗ್ ಯಂತ್ರದವರನ್ನು ಕರೆಸಿದರೆ ಸುತ್ತಲಿನ ಕಾಂಕ್ರೀಟು ಸಡಿಲವಾಗದೆ ಉಳಿಯುತ್ತದೆ.

ಕೊಳವೆಯನ್ನು ನೇರವಾಗಿ ಕಾಂಕ್ರೀಟಿಗೆ ಗಾರೆ ಹಾಕಿ ಕೂರಿಸಬೇಡಿ. ಮೊದಲು ಅದಕ್ಕಿಂತ ಎರಡು ಮೂರು ಇಂಚು ದೊಡ್ಡದಾದ ಲೋಹದ ತೋಳನ್ನು ತೂತಿನಲ್ಲಿ ಭದ್ರಪಡಿಸಿ, ಅದರೊಳಗೆ ಹೊಗೆಕೊಳವೆಯನ್ನು ಸಡಿಲವಾಗಿ ಇಳಿಸಿ, ನಡುವಿನ ಸಂದಿಗೆ ಸಿರಾಮಿಕ್ ಉಣ್ಣೆ ತುರುಕಬೇಕು. ಮರದ ಬಳಿ ತೆರಪನ್ನು ಖಾಲಿ ಬಿಡಿ ಎಂದವರು ಇಲ್ಲಿ ತುಂಬಿ ಎನ್ನುವುದೇಕೆಂದು ಕೇಳಬಹುದು. ಇಲ್ಲಿ ಹೊತ್ತಿಕೊಳ್ಳುವ ವಸ್ತುವಿಲ್ಲ, ಕೊಳವೆಗೆ ಹಿಗ್ಗಲು ಜಾಗವಿದ್ದು ಕಾಂಕ್ರೀಟಿಗೆ ಬಿಸಿ ತಟ್ಟದಿದ್ದರೆ ಸಾಕು. ತಾರಸಿಯ ಮೇಲೆ ತೂತಿನ ಸುತ್ತ ಆರರಿಂದ ಎಂಟು ಇಂಚು ಎತ್ತರದ ಪುಟ್ಟ ಕಟ್ಟೆ ಕಟ್ಟಿಸಿ, ವಾಟರ್‌ಪ್ರೂಫಿಂಗ್ ಪದರವನ್ನು ಕಟ್ಟೆಯ ಮೈಮೇಲೂ ಹತ್ತಿಸಿ, ಕಟ್ಟೆಯನ್ನು ಪೂರ್ತಿ ಮುಚ್ಚಿ ಕೆಳಕ್ಕೆ ಇಳಿಬೀಳುವ ತಗಡಿನ ಟೋಪಿಯನ್ನು ಕೊಳವೆಗೆ ತೊಡಿಸಿ. ಕಟ್ಟೆಯಿಲ್ಲದೆ ತಾರಸಿಯ ಮಟ್ಟದಲ್ಲಿಯೇ ಸಂದಿ ಮುಚ್ಚಿದ ಕಡೆಗಳಲ್ಲಿ ಅಕ್ಟೋಬರ್ ತಿಂಗಳ ಒಂದು ಜೋರು ಮಳೆಗೆ ನೀರು ನಿಂತು ಒಳಗಿಳಿಯುತ್ತದೆ. ಪ್ಲಾಸ್ಟಿಕ್ ನೀರಿನ ಟ್ಯಾಂಕು ಮತ್ತು ಸೋಲಾರ್ ಹೀಟರಿನ ಪೈಪುಗಳಿಂದ ದೂರವಿರಲಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ: ನಿಮ್ಮ ಸಂದರ್ಭದಲ್ಲಿ ತಾರಸಿಯನ್ನು ಕೊರೆಯದಿರುವುದೇ ಮೇಲು. ಹಿತ್ತಲ ಕಡೆ ಇಟ್ಟಿಗೆಯ ಗೋಡೆಯಿದ್ದು ಅಲ್ಲಿ ಮೂರಡಿ ಜಾಗವಿದ್ದರೆ, ಹಳೆಯ ಮನೆಗಳಲ್ಲಿದ್ದಂತೆ ಹಂಡೆ ಒಳಗೆ, ಒಲೆಯ ಬಾಯಿ ಹೊರಗೆ ಇರುವಂತೆ ಕಟ್ಟಿಸಿ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ಸಣ್ಣ ಕೋಣೆಯಲ್ಲಿ ಬೆಂಕಿ ಉರಿಸುವುದೇ ಬೇಡ. ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮೊನಾಕ್ಸೈಡ್ ಅಲ್ಲಿ ತುಂಬಿದರೆ ಒಳಗಿರುವವರಿಗೆ ಅರಿವಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಕೊಳವೆಯು ಗೋಡೆಯ ಹೊರಮೈಗೆ ಆತುಕೊಂಡು ತಾರಸಿಯ ಮೇಲಕ್ಕೆ ಹೋಗಲಿ. ಹೊರಗಿನ ಕೊಳವೆ ಬೇಗ ತಣಿಯುತ್ತದೆಂದು ಚಳಿದೇಶದ ಕೈಪಿಡಿಗಳು ಎಚ್ಚರಿಸುತ್ತವೆ, ನಿಜ. ಆದರೆ ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮ ಚಳಿಗೆ ಆ ಎಚ್ಚರಿಕೆ ಅಷ್ಟಾಗಿ ಅನ್ವಯಿಸದು.

ಪ್ರಶ್ನೆ: ಮೂರು ವರ್ಷ ಸುಗಮವಾಗಿದ್ದ ಒಲೆ ಈಗ ಸಂಜೆ ಹಚ್ಚಿದಾಗಲೆಲ್ಲ ಕೋಣೆಗೇ ಹೊಗೆ ಕಾರುತ್ತಿದೆ. ಕೊಳವೆಯನ್ನು ಶುಚಿ ಮಾಡಿಸಿದ್ದಾಗಿದೆ. ಪಕ್ಕದ ಸೈಟಿನಲ್ಲಿ ಈ ವರ್ಷ ನಾಲ್ಕು ಅಂತಸ್ತು ಎದ್ದಿದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೆ?
— ಓದುಗರೊಬ್ಬರು, ಯಲಹಂಕ

ಉತ್ತರ: ಬಹುಶಃ ಇದೆ. ಹೊಗೆಯನ್ನು ಮೇಲಕ್ಕೆಳೆಯುವ ಶಕ್ತಿ ನಾವು ತಿಳಿದಷ್ಟು ದೊಡ್ಡದಲ್ಲ. ಹದಿನೈದಡಿ ಎತ್ತರದ ಕೊಳವೆಯೊಳಗೆ ಹೊಗೆ ಸರಾಸರಿ 150 ಡಿಗ್ರಿಯಿದ್ದು ಹೊರಗಿನ ಗಾಳಿ 25 ಡಿಗ್ರಿಯಿದ್ದರೆ ಸಿಗುವ ಎಳೆತ ಸುಮಾರು 14 ಪ್ಯಾಸ್ಕಲ್, ಎಂದರೆ ಒಂದೂವರೆ ಮಿಲಿಮೀಟರ್ ನೀರಿನ ಒತ್ತಡದಷ್ಟು ಮಾತ್ರ. ಎತ್ತರದ ಕಟ್ಟಡಕ್ಕೆ ಬಡಿದ ಗಾಳಿ ಅದರ ಗೋಡೆಯುದ್ದಕ್ಕೂ ಕೆಳಕ್ಕೆ ಧುಮುಕಿ ನಿಮ್ಮ ಕೊಳವೆಯ ಬಾಯನ್ನು ಒತ್ತಿದರೆ ಇಷ್ಟು ಸಣ್ಣ ಎಳೆತ ಸೋತುಹೋಗುತ್ತದೆ. ಗಾಳಿಯಿಲ್ಲದ ಸಂಜೆ ಸರಾಗವಾಗಿ ಉರಿದು, ಗಾಳಿಯೆದ್ದ ದಿನ ಮಾತ್ರ ಹೊಗೆ ತಿರುಗಿ ಬರುವುದಾದರೆ ಕಾರಣ ಅದೇ ಎಂದು ಖಚಿತಪಡಿಸಿಕೊಳ್ಳಬಹುದು. ಗಾಳಿ ಎತ್ತಲಿಂದ ಬೀಸಿದರೂ ಬೆನ್ನು ತಿರುಗಿಸುವ ತಿರುಗುಟೋಪಿಯನ್ನು ಮೊದಲು ಪ್ರಯತ್ನಿಸಿ. ಅದು ಸಾಲದಿದ್ದರೆ ಕೊಳವೆಯನ್ನು ಇನ್ನೊಂದು ತುಂಡು ಏರಿಸಿ. ನಾಲ್ಕು ಅಂತಸ್ತಿನ ಎತ್ತರವನ್ನು ಮೀರಿಸುವುದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ.

ಗಾಳಿಯಿಲ್ಲದ ದಿನವೂ ಹೊಗೆ ಬರುತ್ತಿದ್ದರೆ ಪಕ್ಕದವರನ್ನು ದೂರುವ ಮೊದಲು ನಿಮ್ಮ ಮನೆಯ ಎಕ್ಸಾಸ್ಟ್ ಫ್ಯಾನನ್ನು ಆರಿಸಿ ನೋಡಿ. ಕಿಟಕಿಗಳೆಲ್ಲ ಮುಚ್ಚಿದ್ದಾಗ ಅಡುಗೆಮನೆಯ ಫ್ಯಾನು ಹೊರಹಾಕಿದ ಗಾಳಿಯ ಬದಲಿಗೆ ಬೇರೆ ಗಾಳಿ ಎಲ್ಲಿಂದಲಾದರೂ ಬರಲೇಬೇಕು. ಕೆಲವೊಮ್ಮೆ ಅದು ಹೊಗೆಕೊಳವೆಯಿಂದಲೇ ಇಳಿದು ಬರುತ್ತದೆ. ಇನ್ನೊಂದು ಮಾತು: ಪಕ್ಕದ ಕಟ್ಟಡದ ಕಿಟಕಿಗಳು ಈಗ ನಿಮ್ಮ ಕೊಳವೆಯ ಬಾಯಿಯ ಮಟ್ಟದಲ್ಲಿರಬಹುದು. ಅವರ ಕೋಣೆಗೆ ಹೊಗೆ ನುಗ್ಗುತ್ತಿದ್ದರೆ ಕೊಳವೆಯ ಜಾಗವನ್ನು ಬದಲಿಸುವುದು ನಿಮ್ಮ ಹೊಣೆ.

ಪ್ರಶ್ನೆ: ಆನೇಕಲ್ ಬಳಿಯ ನಮ್ಮ ತೋಟದ ಮನೆಯಲ್ಲಿ ತಂದೆಯವರ ಕಾಲದ ಅಸ್ತ್ರ ಒಲೆಯಿದೆ. ಕಲ್ನಾರಿನ ಶೀಟಿನ ಮೂಲಕ ಕಲ್ನಾರಿನ ಪೈಪೇ ಹೊರಹೋಗಿದೆ. ಪೈಪು ಬಿರುಕು ಬಿಟ್ಟಿದೆ. ಶೀಟಿನ ತೂತನ್ನು ದೊಡ್ಡದು ಮಾಡಿ ಸ್ಟೀಲ್ ಪೈಪು ಹಾಕಬಹುದೆ?
— ಓದುಗರೊಬ್ಬರು, ಜಯನಗರ

ಉತ್ತರ: ಸ್ಟೀಲ್ ಪೈಪು ಹಾಕಿಸಿ, ಆದರೆ ಶೀಟಿನ ತೂತನ್ನು ದೊಡ್ಡದು ಮಾಡಬೇಡಿ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದಲ್ಲಿ ರೂಪುಗೊಂಡ ಈ ಮೂರು ಪಾತ್ರೆಯ ಒಲೆ ಇಂದಿಗೂ ಉರಿಸಲು ಯೋಗ್ಯವಾದದ್ದು. ಆ ಕಾಲದ ಸುಧಾರಿತ ಒಲೆಗಳಿಗೆಲ್ಲ ಅಗ್ಗವಾಗಿಯೂ ತುಕ್ಕು ಹಿಡಿಯದಂತೆಯೂ ಇದ್ದ ಕಲ್ನಾರು ಸಿಮೆಂಟಿನ ಪೈಪನ್ನು ಬಳಸುವುದು ವಾಡಿಕೆಯಾಗಿತ್ತು. ಆದರೆ ಕಲ್ನಾರನ್ನು ಕೊಯ್ದಾಗ, ಕೊರೆದಾಗ, ಒಡೆದಾಗ ಏಳುವ ಎಳೆಗಳು ಶ್ವಾಸಕೋಶದಲ್ಲಿ ಉಳಿದು ದಶಕಗಳ ನಂತರ ಕ್ಯಾನ್ಸರ್ ತರಬಲ್ಲವು. ಆದ್ದರಿಂದ ಕೊಳವೆ ಹಾದಿರುವ ಶೀಟನ್ನು ನೀರಿನಿಂದ ಚೆನ್ನಾಗಿ ನೆನೆಸಿ, ಕೊಕ್ಕೆ ಬೋಲ್ಟುಗಳನ್ನು ಬಿಚ್ಚಿ, ಒಡೆಯದಂತೆ ಇಡಿಯಾಗಿ ಕೆಳಗಿಳಿಸಿ, ಆ ಜಾಗಕ್ಕೆ ಅದೇ ಅಲೆಯ ಲೋಹದ ಶೀಟನ್ನು ಹಾಕಿ ಅದರಲ್ಲಿ ತೂತು ತೆಗೆಯಿರಿ. ಹಳೆಯ ಪೈಪನ್ನೂ ನೆನೆಸಿ ತುಂಡು ಮಾಡದೆ ತೆಗೆದು, ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಿ. ಕೆಲಸ ಮಾಡುವವರಿಗೆ ಬಟ್ಟೆಯ ಮಾಸ್ಕ್ ಸಾಲದು, ಧೂಳು ತಡೆಯುವ ಒಳ್ಳೆಯ ರೆಸ್ಪಿರೇಟರ್ ಕೊಡಿಸಿ. ಒಲೆಯ ಹೊಗೆಬಾಯಿಯ ಅಳತೆಗಿಂತ ಹೊಸ ಕೊಳವೆ ಕಿರಿದಾಗಿರಬಾರದು.

ಪ್ರಶ್ನೆ: ಅಡುಗೆಮನೆಯಲ್ಲಿ ಈಗಾಗಲೇ ಎಲೆಕ್ಟ್ರಿಕ್ ಚಿಮಣಿಯಿದೆ. ಸಣ್ಣ ಸೌದೆ ಒಲೆಯೊಂದನ್ನು ಅದೇ ಪೈಪಿಗೆ ಸೇರಿಸಿದರೆ ಸೂರು ಕೊರೆಯುವ ಕೆಲಸವೇ ಉಳಿಯುತ್ತದಲ್ಲವೆ?
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಖಂಡಿತ ಬೇಡ. ಆ ಪೈಪು ಸಾಮಾನ್ಯವಾಗಿ ಪಿವಿಸಿಯದು ಅಥವಾ ತೆಳು ಅಲ್ಯೂಮಿನಿಯಂ ಹಾಳೆಯದು, ಒಳಗೆಲ್ಲ ಎಣ್ಣೆ ಜಿಡ್ಡು ಮೆತ್ತಿರುತ್ತದೆ. ಒಂದು ಕಿಡಿ ಸಾಕು. ಕರೆಂಟು ಹೋದ ಕ್ಷಣ ಫ್ಯಾನು ನಿಂತು, ಉರಿಯುತ್ತಿರುವ ಒಲೆಯ ಹೊಗೆಯೆಲ್ಲ ಅಡುಗೆಮನೆಗೆ ಬರುತ್ತದೆ. ಸೌದೆ ಒಲೆಗೆ ಅದರದೇ ಪ್ರತ್ಯೇಕ ಕೊಳವೆ ಬೇಕು, ಮತ್ತು ಅದು ಉರಿಯುವಷ್ಟು ಹೊತ್ತೂ ಎಲೆಕ್ಟ್ರಿಕ್ ಚಿಮಣಿಯನ್ನು ಹಾಕದೆ ಒಂದು ಕಿಟಕಿಯನ್ನು ತೆರೆದಿಟ್ಟಿರಬೇಕು.